ಪಾಡ್‌ಕಾಸ್ಟ್ ಪಠ್ಯ: ಬಸ್ ಹತ್ತಿದ್ರೂ ವಾಂತಿ, ಬೋಟ್ ಹತ್ತಿದ್ರೂ ವಾಂತಿ, ತಪ್ಪು ಹೊಟ್ಟೆಯದ್ದಲ್ಲ

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತು ಇದನ್ನ ಕೇಳ್ತಾ ಇದ್ದೀರಾ? ಹಾಗಿದ್ರೆ ಒಂದು ಕೆಲಸ ಮಾಡಿ. ಫೋನನ್ನ ಜೇಬಿಗೆ ಹಾಕಿ, ಡ್ರೈವರ್ ಮುಂದಿನ ಗಾಜಿನಾಚೆ ಕಾಣೋ ರಸ್ತೆ ನೋಡ್ತಾ ಕೇಳಿ. ಯಾಕೆ ಅನ್ನೋದು ಸ್ವಲ್ಪ ಹೊತ್ತಲ್ಲಿ ಗೊತ್ತಾಗುತ್ತೆ. ಕೇಳೋ ಬದಲು ಈ ಪಠ್ಯವನ್ನು ಚಲಿಸುವ ಬಸ್ಸಿನಲ್ಲಿ ಓದುತ್ತಿರುವವರಿದ್ದರೆ, ದಯವಿಟ್ಟು ಇಳಿದ ಮೇಲೆ ಓದಿ. ತಮಾಷೆಗೆ ಹೇಳ್ತಿಲ್ಲ.

ಹೋದ ತಿಂಗಳು ನಮಗೊಂದು ವಾಯ್ಸ್ ಮೆಸೇಜ್ ಬಂತು. ಕಳಿಸಿದವರು ಹೆಸರು ಬೇಡ ಅಂದಿದ್ದಾರೆ. ಅವರ ಮಾತು ಇಲ್ಲಿದೆ:

"ನಮ್ಮೂರು ತೀರ್ಥಹಳ್ಳಿ ಹತ್ರ. ನಾನು ಓದ್ತಾ ಇರೋದು ಮಣಿಪಾಲದಲ್ಲಿ. ಮೂರು ಗಂಟೆಯೊಳಗೆ ಮನೆ ಸೇರಬಹುದು. ಆದ್ರೆ ಆಗುಂಬೆ ಘಾಟಿ ನಂಗೆ ಆಗಲ್ಲ. ಸೋಮೇಶ್ವರ ದಾಟ್ತಿದ್ದಂಗೆ ಬಾಯಲ್ಲಿ ನೀರು ಬರೋಕೆ ಶುರುವಾಗುತ್ತೆ. ಪಕ್ಕದಲ್ಲಿ ಕೂತೋರು ಎದ್ದು ಹೋಗ್ತಾರೆ. ಒಂದ್ಸಲ ಕವರ್ ತೂತಾಗಿತ್ತು, ಅವತ್ತು ಕಂಡಕ್ಟರ್ ಎಲ್ಲರೆದುರು ಬೈದ್ರು. ಆಮೇಲಿಂದ ಊರಿಗೆ ಹೋಗೋದನ್ನೇ ಬಿಟ್ಟಿದೀನಿ. ದೀಪಾವಳಿಗೂ ಪರೀಕ್ಷೆ ಇದೆ ಅಂತ ಸುಳ್ಳು ಹೇಳ್ದೆ. ಈಗ ಅಜ್ಜಿಗೆ ಹುಷಾರಿಲ್ಲ, ಫೋನಲ್ಲಿ ಯಾವಾಗ ಬರ್ತೀಯ ಅಂತ ಕೇಳ್ತಾನೇ ಇರ್ತಾರೆ. ಅಮ್ಮ ಇದು ಗ್ಯಾಸ್ಟ್ರಿಕ್ ಅಂತಾರೆ. ಅಪ್ಪ ಎಲ್ಲಾ ನಿನ್ನ ಮನಸ್ಸಲ್ಲಿರೋದು ಅಂತಾರೆ. ಇದು ಕಾಯಿಲೆನಾ?"

ಕಾಯಿಲೆ ಅಲ್ಲ. ಗ್ಯಾಸ್ಟ್ರಿಕ್ಕೂ ಅಲ್ಲ. ಅಪ್ಪ ಹೇಳಿದ್ದರಲ್ಲಿ ಒಂದು ಸಣ್ಣ ಎಳೆಯಷ್ಟು ನಿಜ ಇದೆ, ಆದ್ರೆ ಅವರು ಅಂದುಕೊಂಡ ಅರ್ಥದಲ್ಲಿ ಅಲ್ಲ. ಅದಕ್ಕೆ ಆಮೇಲೆ ಬರ್ತೀನಿ.

ಶುರು ಕಿವಿಯಿಂದ. ಕಿವಿ ಇರೋದು ಕೇಳೋಕೆ ಮಾತ್ರ ಅಂತ ನಾವು ಅಂದ್ಕೊಂಡಿರ್ತೀವಿ. ಒಳಗಿವಿಯಲ್ಲಿ ಕೇಳುವಿಕೆಗೆ ಸಂಬಂಧವೇ ಇಲ್ಲದ ಇನ್ನೊಂದು ಯಂತ್ರ ಇದೆ. ಬಳೆಯ ತುಂಡುಗಳ ಹಾಗೆ ಬಾಗಿದ ಮೂರು ಪುಟ್ಟ ನಾಳಗಳು, ಒಂದೊಂದೂ ಒಂದೊಂದು ದಿಕ್ಕಿಗೆ. ಒಳಗೆ ದ್ರವ ತುಂಬಿರುತ್ತೆ. ನೀವು ತಲೆ ತಿರುಗಿಸಿದಾಗ ದ್ರವ ಸ್ವಲ್ಪ ಹಿಂದೆ ಉಳಿಯುತ್ತೆ, ಕೈಯಲ್ಲಿ ಹಿಡಿದ ಪಾತ್ರೆಯನ್ನು ಥಟ್ಟನೆ ತಿರುಗಿಸಿದರೆ ನೀರು ಉಳಿಯೋ ಹಾಗೆ. ಅದರಿಂದ ಮೆದುಳಿಗೆ 'ಬಲಕ್ಕೆ ತಿರುಗಿದ್ವಿ' ಅಂತ ಸುದ್ದಿ ಹೋಗುತ್ತೆ. ಇವುಗಳ ಪಕ್ಕದಲ್ಲೇ ಎರಡು ಚೀಲಗಳಿವೆ, ಅವುಗಳಲ್ಲಿ ಸುಣ್ಣದ ಅಂಶದ ಅತಿ ಸಣ್ಣ ಹರಳುಗಳು. ಲಿಫ್ಟ್ ಮೇಲೇರಿದಾಗ, ಬಸ್ ಬ್ರೇಕ್ ಹಾಕಿದಾಗ ಈ ಹರಳುಗಳು ಜಗ್ಗುತ್ತವೆ. ಕತ್ತಲಲ್ಲಿ ಕಣ್ಣು ಮುಚ್ಚಿದ್ದರೂ ಯಾವುದು ಮೇಲೆ, ಯಾವುದು ಕೆಳಗೆ ಅಂತ ನಿಮಗೆ ಗೊತ್ತಾಗೋದು ಹೆಚ್ಚಾಗಿ ಇವುಗಳಿಂದಲೇ.

ಈಗ ಘಾಟಿ ಬಸ್ಸಿಗೆ ಬನ್ನಿ. ನೀವು ಸೀಟಲ್ಲಿ ಕೂತು ರೀಲ್ಸ್ ನೋಡ್ತಿದ್ದೀರಿ. ಕಣ್ಣಿನ ಮುಂದೆ ಫೋನ್ ನಿಂತಲ್ಲೇ ನಿಂತಿದೆ, ಎದುರಿನ ಸೀಟಿನ ಬೆನ್ನೂ ಅಲ್ಲೇ ಇದೆ. ಹಾಗಾಗಿ 'ನಾವು ಕೂತಿದ್ದೇವೆ, ಏನೂ ಅಲುಗಾಡ್ತಿಲ್ಲ' ಅನ್ನೋದು ಕಣ್ಣಿನ ವರದಿ. ಒಳಗಿವಿಯ ವರದಿ ಅದಕ್ಕೆ ಪೂರಾ ಉಲ್ಟಾ: ಎಡಕ್ಕೆ ತಿರುಗಿದ್ವಿ, ಮೇಲೇರಿದ್ವಿ, ಈಗ ಬಲಕ್ಕೆ ವಾಲಿದ್ವಿ. ಎರಡೂ ವರದಿ ಒಂದೇ ಸಲಕ್ಕೆ ಮೆದುಳಿನ ಮೇಜಿಗೆ ಬರುತ್ತವೆ, ಒಂದಕ್ಕೊಂದು ತಾಳೆ ಆಗಲ್ಲ. ಈ ತಾಳೆ ತಪ್ಪುವಿಕೆಯೇ ಮೋಷನ್ ಸಿಕ್‌ನೆಸ್. ಬಸ್ಸಲ್ಲಿ ಬಂದ್ರೂ ಇದೇ, ಹಡಗಲ್ಲಿ ಬಂದ್ರೂ ಇದೇ. ವಿಆರ್ ಹೆಡ್‌ಸೆಟ್ ಹಾಕ್ಕೊಂಡಾಗ ಆಗೋದೂ ಇದೇ, ಅಲ್ಲಿ ಮಾತ್ರ ಪಾತ್ರ ಅದಲುಬದಲು: ಕಣ್ಣು ಓಡ್ತಿದೆ, ಕಿವಿ ಕೂತಿದೆ.

ಕಿವಿಯ ಪಾತ್ರ ಎಷ್ಟು ದೊಡ್ಡದು ಅನ್ನೋದಕ್ಕೆ ನಂಗೆ ತುಂಬಾ ಇಷ್ಟವಾದ ಒಂದು ಕತೆ ಇದೆ. 1950ರ ದಶಕದ ಕೊನೆ. ಮನುಷ್ಯನನ್ನ ಬಾಹ್ಯಾಕಾಶಕ್ಕೆ ಕಳಿಸೋ ತಯಾರಿಯಲ್ಲಿದ್ದ ಅಮೆರಿಕಕ್ಕೆ, ಅಲ್ಲಿ ದೇಹ ಹೇಗೆ ವರ್ತಿಸುತ್ತೆ ಅಂತ ತಿಳೀಬೇಕಿತ್ತು. ನೌಕಾಪಡೆಯ ವೈದ್ಯರು ವಾಷಿಂಗ್ಟನ್‌ನ ಗ್ಯಾಲಡೆಟ್ ಕಾಲೇಜಿನ 11 ಮಂದಿ ಕಿವುಡ ಗಂಡಸರನ್ನ ಪ್ರಯೋಗಕ್ಕೆ ಆರಿಸಿಕೊಂಡರು. ಅವರಲ್ಲಿ ಹತ್ತು ಮಂದಿಗೆ ಚಿಕ್ಕಂದಿನಲ್ಲಿ ಮೆನಿಂಜೈಟಿಸ್ ಬಂದು ಕಿವಿ ಹೋಗಿತ್ತು. ಕೇಳುವ ಶಕ್ತಿಯ ಜೊತೆಗೆ ಒಳಗಿವಿಯ ಆ ಸಮತೋಲನ ಯಂತ್ರವೂ ಕೆಟ್ಟಿತ್ತು. ಅವರನ್ನ ತಿರುಗುವ ಕೋಣೆಯಲ್ಲಿ ದಿನಗಟ್ಟಲೆ ಇಟ್ಟರು, ಏನೂ ಆಗಲಿಲ್ಲ. ಕೊನೆಗೆ ಕೆನಡಾದ ನೋವಾ ಸ್ಕಾಟಿಯಾ ಬಳಿ ಅಬ್ಬರದ ಕಡಲಿಗೆ ಹಡಗಿನಲ್ಲಿ ಕರ್ಕೊಂಡು ಹೋದರು. ಇವರು ಆರಾಮಾಗಿ ಇಸ್ಪೀಟು ಆಡ್ತಾ ಕೂತಿದ್ದರು. ಪ್ರಯೋಗ ಮಾಡಲು ಬಂದ ವಿಜ್ಞಾನಿಗಳೇ ವಾಂತಿ ಮಾಡ್ಕೊಂಡು ಸುಸ್ತಾಗಿ ಪ್ರಯೋಗ ಅರ್ಧಕ್ಕೆ ನಿಂತಿತು!

ಅದೇ ಅಲೆ, ಅದೇ ಹಡಗು, ಹೊಟ್ಟೆಯೂ ಎಲ್ಲರಿಗೂ ಒಂದೇ ಥರದ್ದು. ಒಳಗಿವಿಯ ಸುದ್ದಿ ಮೆದುಳಿಗೆ ತಲುಪದಿದ್ದವರಿಗೆ ಏನೂ ಆಗಲಿಲ್ಲ. ಗ್ಯಾಸ್ಟ್ರಿಕ್ ಅನ್ನೋ ಅಮ್ಮಂದಿರಿಗೆ ಈ ಕತೆ ಹೇಳಬಹುದು.

ಹಾಗಾದ್ರೆ ತಕರಾರು ಕಣ್ಣು ಕಿವಿಗಳ ಮಧ್ಯೆ, ಶಿಕ್ಷೆ ಹೊಟ್ಟೆಗೆ ಯಾಕೆ? ಇದಕ್ಕೆ 1977ರಲ್ಲಿ ಟ್ರೀಸ್‌ಮನ್ ಎಂಬ ವಿಜ್ಞಾನಿ ಕೊಟ್ಟ ಊಹೆಯೊಂದಿದೆ. ಕಾಡಿನಲ್ಲಿದ್ದ ಕಾಲದಲ್ಲಿ ಕಣ್ಣು ಕಿವಿ ತಾಳೆ ತಪ್ಪುತ್ತಿದ್ದದ್ದು ಯಾವುದೋ ವಿಷದ ಕಾಯಿ, ಬೇರು ತಿಂದಾಗ. ಹಾಗಾಗಿ ತಾಳೆ ತಪ್ಪಿದ ಕೂಡಲೇ ಮೆದುಳು 'ವಿಷ ತಿಂದಿದ್ದೇವೆ, ಹೊರಗೆ ಹಾಕು' ಅಂತ ಆಜ್ಞೆ ಕೊಡುತ್ತೆ ಅನ್ನೋದು ಆ ಊಹೆ. ಎಲ್ಲ ವಿಜ್ಞಾನಿಗಳೂ ಒಪ್ಪಿಲ್ಲ, ಆದ್ರೆ ಅದಕ್ಕಿಂತ ಚಂದದ ವಿವರಣೆ ನಾನಂತೂ ಕೇಳಿಲ್ಲ.

ಇನ್ನು ನನ್ನದೇ ಕತೆ. ಎರಡು ವರ್ಷದ ಹಿಂದೆ ಗೆಳೆಯರ ಜೊತೆ ಸ್ಕೂಬಾ ಡೈವಿಂಗ್ ಅಂತ ನೇತ್ರಾಣಿಗೆ ಹೋಗಿದ್ದೆ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಕಡಲೊಳಗಿರುವ ದ್ವೀಪ ಅದು. ಬೋಟಲ್ಲಿ ಹೋಗೋವಾಗ ಗಾಳಿ, ಫೋಟೋ, ಹಾಡು, ಎಲ್ಲಾ ಭರ್ಜರಿ. ದ್ವೀಪದ ಹತ್ತಿರ ಲಂಗರು ಹಾಕಿ ಎಂಜಿನ್ ನಿಲ್ಲಿಸಿದರು ನೋಡಿ, ಅಲ್ಲಿಂದ ಶುರು. ನಿಂತ ಬೋಟು ತೊಟ್ಟಿಲ ಹಾಗೆ ನಿಧಾನಕ್ಕೆ ಏಳ್ತಾ ಇಳೀತಾ ಇತ್ತು. ಮೊದಲು ಆಕಳಿಕೆ. ಆಮೇಲೆ ತಣ್ಣನೆ ಬೆವರು. ಐದೇ ನಿಮಿಷಕ್ಕೆ ನಾನು ಬೋಟಿನ ಅಂಚು ಹಿಡ್ಕೊಂಡು ನೇತ್ರಾಣಿಯ ಮೀನುಗಳಿಗೆ ಬೆಳಗಿನ ಇಡ್ಲಿ ಬಡಿಸ್ತಾ ಇದ್ದೆ.

ಬೋಟಿನಲ್ಲಿದ್ದ ಹಿರಿಯರೊಬ್ಬರು ಮೀನುಗಾರರ ಮನೆಯವರು. ಅವರು ಹೇಳಿದ್ದು ಎರಡೇ ಮಾತು: "ನೀರು ನೋಡ್ಬೇಡಿ. ದಡ ನೋಡಿ, ಅಲ್ಲಿ ಈಶ್ವರ ಕಾಣ್ತಾನಲ್ಲ, ಅವನನ್ನೇ ನೋಡ್ತಾ ಇರಿ." ಮುರುಡೇಶ್ವರದ 123 ಅಡಿಯ ಶಿವನ ಮೂರ್ತಿ ದೂರದಲ್ಲಿ ಬಿಳಿ ಚುಕ್ಕೆಯಷ್ಟೇ ಕಾಣ್ತಿತ್ತು. ಅದನ್ನೇ ನೋಡ್ತಾ ಕೂತೆ. ಪೂರ್ತಿ ಸರಿಹೋಗ್ಲಿಲ್ಲ, ಆದ್ರೆ ಹಿಡಿತಕ್ಕೆ ಬಂತು. ಅವರು ಹೇಳಿದ್ದು ಭಕ್ತಿಯ ಮಾತು ಅಂತ ಆಗ ಅಂದ್ಕೊಂಡಿದ್ದೆ. ವಿಜ್ಞಾನವೇ ಅದು. ಅಲುಗದ ಒಂದು ದೂರದ ವಸ್ತು ಕಣ್ಣಿಗೆ ಸಿಕ್ಕರೆ, ಬೋಟು ಏಳ್ತಿದೆ ಇಳೀತಿದೆ ಅನ್ನೋದು ಕಣ್ಣಿಗೂ ಗೊತ್ತಾಗುತ್ತೆ. ಎರಡು ವರದಿ ತಾಳೆ ಆಗೋಕೆ ಶುರುವಾಗುತ್ತೆ. ಈಶ್ವರ ಕಾಣದ ಕಡೆ ಕಡಲೂ ಆಕಾಶವೂ ಕೂಡುವ ಗೆರೆ ನೋಡಿದರೂ ಆಯ್ತು.

ಓಡುವ ಬೋಟಿಗಿಂತ ನಿಂತ ಬೋಟಿನಲ್ಲಿ ಯಾಕೆ ಜಾಸ್ತಿ? ನಮ್ಮನ್ನ ಕಾಡೋದು ಅಲುಗಾಟದ ಜೋರಲ್ಲ, ಅದರ ಲಯ. ಸುಮಾರು ಐದು ಸೆಕೆಂಡಿಗೆ ಒಂದು ಸಲ ಮೇಲೆ ಹೋಗಿ ಕೆಳಗೆ ಬರೋ ನಿಧಾನದ ತೂಗಾಟವೇ ಅತ್ಯಂತ ಕೆಟ್ಟದ್ದು ಅಂತ ಪ್ರಯೋಗಗಳಲ್ಲಿ ಕಂಡುಬಂದಿದೆ. ಹೊಂಡಗುಂಡಿಯ ರಸ್ತೆಯಲ್ಲಿ ಬೈಕ್ ಓಡಿಸಿದರೆ ಸೊಂಟ ಮುರಿಯುತ್ತೆ, ವಾಂತಿ ಬರಲ್ಲ. ಅದು ಬಡಬಡ ಕುಲುಕಾಟ. ಘಾಟಿಯಲ್ಲಿ ಬಸ್ಸು ನಿಧಾನಕ್ಕೆ ಎಡಕ್ಕೆ ವಾಲಿ, ನಿಧಾನಕ್ಕೆ ಬಲಕ್ಕೆ ವಾಲುತ್ತೆ. ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವುಗಳು. ಕಡಲಿನ ಲಯವನ್ನೇ ರಸ್ತೆಗೆ ತಂದು ಇಟ್ಟ ಹಾಗೆ.

ಅಂದ ಹಾಗೆ, ವಾಕರಿಕೆಗೆ ಇಂಗ್ಲಿಷಿನಲ್ಲಿ ಹೇಳೋ 'ನಾಸಿಯಾ' ಪದ ಹುಟ್ಟಿದ್ದೇ ಹಡಗಿನಿಂದ. ಗ್ರೀಕಿನಲ್ಲಿ 'ನೌಸ್' ಅಂದ್ರೆ ಹಡಗು. ನಮ್ಮ ನಾವೆ, ನೌಕೆಗಳೂ ಅದೇ ಕುಟುಂಬದ ಪದಗಳು.

ಮನಸ್ಸು ಗಟ್ಟಿ ಇದ್ದರೆ ಏನೂ ಆಗಲ್ಲ ಅನ್ನೋರಿಗೆ ಎರಡು ಹೆಸರು ಹೇಳ್ತೀನಿ. ಒಂದು ಚಾರ್ಲ್ಸ್ ಡಾರ್ವಿನ್. 1831ರ ಕೊನೆಯಲ್ಲಿ ಬೀಗಲ್ ಹಡಗು ಹತ್ತಿದ ಈ ಹುಡುಗ ಮೊದಲ ದಿನಗಳಲ್ಲಿ ಬಿಸ್ಕತ್ತು, ಒಣದ್ರಾಕ್ಷಿ ಬಿಟ್ಟು ಬೇರೇನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳೋಕೆ ಆಗದೆ ಮಲಗಿದ್ದ. ಸುಮಾರು ಐದು ವರ್ಷದ ಪಯಣದ ಕೊನೆಯವರೆಗೂ ಕಡಲು ಅವನನ್ನ ಕಾಡ್ತಾನೇ ಇತ್ತು. ಇನ್ನೊಂದು ಸೋವಿಯತ್ ಗಗನಯಾತ್ರಿ ಘೆರ್ಮನ್ ಟಿಟೊವ್. 1961ರಲ್ಲಿ ಬಾಹ್ಯಾಕಾಶಕ್ಕೆ ಹೋದ ಫೈಟರ್ ಪೈಲಟ್, ಅಲ್ಲಿ ವಾಂತಿ ಮಾಡಿದ ಮೊದಲ ಮನುಷ್ಯ. ಇವರಿಗೆ ಧೈರ್ಯ ಕಮ್ಮಿ ಇತ್ತು ಅಂತ ಹೇಳೋಕಾಗುತ್ತಾ?

ಈಗ ಅಪ್ಪ ಹೇಳಿದ ಮಾತು. ಅದರಲ್ಲಿ ನಿಜ ಎಷ್ಟು ಅಂದ್ರೆ, ಮೆದುಳು ಕಲಿಯುತ್ತೆ. ಹತ್ತು ಸಲ ಡೀಸೆಲ್ ವಾಸನೆಯ ಜೊತೆ ವಾಂತಿ ಆಗಿದ್ದರೆ, ಹನ್ನೊಂದನೇ ಸಲ ಬಸ್ ಸ್ಟ್ಯಾಂಡಿನಲ್ಲಿ ಡೀಸೆಲ್ ವಾಸನೆ ಬಂದ ಕೂಡಲೇ ಹೊಟ್ಟೆ ತೊಳಸೋಕೆ ಶುರುವಾಗುತ್ತೆ, ಬಸ್ ಹೊರಟೇ ಇರಲ್ಲ. ಇದು ನಾಟಕ ಅಲ್ಲ, ಬೇಕು ಅಂತ ಮಾಡೋದೂ ಅಲ್ಲ. ಬೈದರೆ ಹೋಗೋದಂತೂ ಅಲ್ಲವೇ ಅಲ್ಲ.

ಕೆಲವರಿಗೆ ಇದು ಹೆಚ್ಚು. ಎರಡು ವರ್ಷದೊಳಗಿನ ಮಕ್ಕಳಿಗೆ ಬರೋದು ಅಪರೂಪ, ಶಾಲೆಗೆ ಹೋಗೋ ವಯಸ್ಸಿನಲ್ಲಿ ಜೋರು, ಆಮೇಲೆ ಬಹಳಷ್ಟು ಜನಕ್ಕೆ ಕಮ್ಮಿಯಾಗ್ತಾ ಬರುತ್ತೆ. ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಮೈಗ್ರೇನ್ ಇರುವವರಿಗೆ ಇನ್ನೂ ಹೆಚ್ಚು. ಮನೆಯಲ್ಲಿ ಅಪ್ಪನಿಗೋ ಅಮ್ಮನಿಗೋ ಇದ್ದರೆ ಮಕ್ಕಳಿಗೂ ಬರೋ ಸಾಧ್ಯತೆ ಇದೆ. ಬೈಯೋ ಅಪ್ಪಂದಿರ ಬಾಲ್ಯದ ಬಸ್ ಪ್ರಯಾಣಗಳ ಬಗ್ಗೆ ಅಜ್ಜಿಯ ಹತ್ತಿರ ಒಮ್ಮೆ ವಿಚಾರಿಸಿ ನೋಡಿ.

ಒಬ್ಬರಿಗೆ ಮಾತ್ರ ಇದು ಬರೋದೇ ಅಪರೂಪ: ಡ್ರೈವರಿಗೆ. ಸ್ಟಿಯರಿಂಗ್ ಅವರ ಕೈಯಲ್ಲಿದೆ. ತಿರುವು ಬರೋ ಮೊದಲೇ ಅವರ ಮೆದುಳಿಗೆ ಗೊತ್ತು, ದೇಹ ಮೊದಲೇ ವಾಲಿ ಸಿದ್ಧವಾಗಿರುತ್ತೆ. ನಾವು ಹಿಂದೆ ಕೂತು ತಿರುವು ಬಂದ ಮೇಲೆ ತಿಳ್ಕೊಳ್ತೀವಿ. ಹಾಗಾಗಿ ಉಪಾಯದ ಮೂಲ ಇರೋದು ಇಷ್ಟರಲ್ಲೇ, ಆದಷ್ಟು ಡ್ರೈವರಿನ ಕಣ್ಣು ನಿಮ್ಮದಾಗಬೇಕು. ಮುಂದಿನ ಸೀಟು ಹಿಡಿಯಿರಿ. ರಸ್ತೆ ನೋಡಿ. ತಿರುವು ಬರೋದನ್ನ ನೋಡಿ ತಲೆಯನ್ನ ತಿರುವಿನ ಕಡೆಗೇ ಸ್ವಲ್ಪ ವಾಲಿಸಿ. ಹಿಂದಿನ ಚಕ್ರದಿಂದಾಚೆಯ ಕೊನೆಯ ಸೀಟು ಅತಿ ಹೆಚ್ಚು ತೂಗುತ್ತೆ, ಅದು ಬೇಡವೇ ಬೇಡ. ಹಡಗಾದರೆ ಮಧ್ಯಭಾಗ, ಕೆಳಗಿನ ಅಂತಸ್ತು. ಸಣ್ಣ ಬೋಟಾದರೆ ಮೂತಿಯ ಕಡೆ ಬೇಡ, ಎಂಜಿನ್ ಹೊಗೆ ಬಡಿಯುವ ಕಡೆಯೂ ಬೇಡ. ನೋಡೋಕೆ ಏನೂ ಇಲ್ಲದಿದ್ದರೆ, ರಾತ್ರಿ ಬಸ್ಸಾದರೆ, ತಲೆ ಒರಗಿಸಿ ಕಣ್ಣು ಮುಚ್ಚಿ. ಸುಳ್ಳು ವರದಿ ಕೊಡುವ ಸಾಕ್ಷಿಯನ್ನು ಹೊರಗೆ ಕಳಿಸಿದ ಹಾಗೆ.

ಫೋನ್ ವಿಚಾರ. ಇದನ್ನ ಕೇಳ್ತಿರೋ ಹೆಚ್ಚಿನವರಿಗೆ ಅಸಲಿ ಶತ್ರು ಇದೇ. ಘಾಟಿಯಲ್ಲಿ ಚಾಟ್ ಓದೋದು, ರೀಲ್ಸ್ ನೋಡೋದು, ಎರಡೂ ಬೇಡ. ಐಫೋನ್ ಇರುವವರಿಗೆ 2024ರ ಐಒಎಸ್ 18ರಿಂದ ಒಂದು ಸೌಲಭ್ಯ ಬಂದಿದೆ. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ಮೋಷನ್ ಅಂತ ಇದೆ, ಅದರೊಳಗೆ ವೆಹಿಕಲ್ ಮೋಷನ್ ಕ್ಯೂಸ್. ಆನ್ ಮಾಡಿದರೆ ಪರದೆಯ ಅಂಚಿನಲ್ಲಿ ಚುಕ್ಕಿಗಳು ಬರುತ್ತವೆ, ವಾಹನ ಚಲಿಸಿದಂತೆ ಅವೂ ಸರಿಯುತ್ತವೆ. ಅಂದ್ರೆ ಚಲನೆಯ ಸುದ್ದಿಯನ್ನ ಕಣ್ಣಿಗೂ ಕೊಡೋ ಪ್ರಯತ್ನ. ನಗರದ ಟ್ಯಾಕ್ಸಿಯಲ್ಲಿ ನನಗೆ ಸ್ವಲ್ಪ ಅನುಕೂಲ ಆಯ್ತು. ಘಾಟಿಗೆ ಅದನ್ನ ನಂಬಿ ಹೋಗಬೇಡಿ. ಕೇಳೋದರಿಂದ ಮಾತ್ರ ತೊಂದರೆ ಇಲ್ಲ. (ಪಾಡ್‌ಕಾಸ್ಟ್ ಮಾಡುವವರು ಇದನ್ನ ಹೇಳದೆ ಇರ್ತಾರಾ!)

ಊಟದ ಬಗ್ಗೆ ದೊಡ್ಡ ತಪ್ಪು ತಿಳುವಳಿಕೆ ಇದೆ. ವಾಂತಿ ಬರುತ್ತೆ ಅಂತ ಖಾಲಿ ಹೊಟ್ಟೆಯಲ್ಲಿ ಹೊರಡೋದು. ಖಾಲಿ ಹೊಟ್ಟೆಯಿಂದ ಅನುಕೂಲ ಏನೂ ಇಲ್ಲ, ಬರೀ ಪಿತ್ತ ಕಾರಿ ಗಂಟಲು ಉರಿಯುತ್ತೆ. ಪೂರಿ ಸಾಗು ಬೇಡ, ಎರಡು ಇಡ್ಲಿ ಅಥವಾ ಸ್ವಲ್ಪ ಮೊಸರನ್ನ ಸಾಕು. ಹಿಂದಿನ ರಾತ್ರಿ ಮದ್ಯ ಬೇಡ. ಶುಂಠಿಯಿಂದ ಕೆಲವರಿಗೆ ಅನುಕೂಲ ಆಗುತ್ತೆ, ಅಧ್ಯಯನಗಳು ಒಂದೇ ಮಾತು ಹೇಳಲ್ಲ. ನಿಂಬೆಹಣ್ಣು ಮೂಸೋದು? ಅದು ಒಳಗಿವಿಗೆ ಏನೂ ಮಾಡಲ್ಲ. ಆದ್ರೆ ಡೀಸೆಲ್, ಹಿಂದಿನ ಸೀಟಿನವರ ವಾಂತಿ, ಇಂಥ ವಾಸನೆಗಳನ್ನ ಮುಚ್ಚುತ್ತೆ. ಅಷ್ಟಾದರೂ ದೊಡ್ಡದೇ.

ಮಾತ್ರೆಗಳ ವಿಷಯ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ, ಇಲ್ಲೇ ಹೆಚ್ಚು ಜನ ಎಡವೋದು. 1947ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಮೈಮೇಲೆ ದದ್ದು ಏಳೋ ಅಲರ್ಜಿಗೆ ಹೊಸ ಔಷಧಿಯೊಂದನ್ನ ಪರೀಕ್ಷಿಸ್ತಾ ಇದ್ದರು. ಅದನ್ನ ತಗೊಂಡ ಒಬ್ಬ ಹೆಂಗಸು, ಯಾವಾಗಲೂ ಟ್ರಾಮಿನಲ್ಲಿ ಬರುತ್ತಿದ್ದ ವಾಕರಿಕೆ ಬರಲೇ ಇಲ್ಲ ಅಂತ ವೈದ್ಯರಿಗೆ ಹೇಳಿದಳು. ಅದೇ ವರ್ಷ ನ್ಯೂಯಾರ್ಕಿನಿಂದ ಜರ್ಮನಿಗೆ ಹೊರಟ ಸೇನಾ ಹಡಗಿನಲ್ಲಿ ಸಾವಿರಕ್ಕೂ ಹೆಚ್ಚು ಸೈನಿಕರ ಜೊತೆ ಅದರ ಪರೀಕ್ಷೆ ನಡೀತು, ಕೆಲಸ ಮಾಡಿತು. ಅದೇ ಡ್ರಾಮಮೈನ್. ನಮ್ಮಲ್ಲಿ ಮೆಡಿಕಲ್ ಶಾಪಿನಲ್ಲಿ ಹೆಚ್ಚಾಗಿ ಸಿಗೋದು ಅವೊಮಿನ್, ಅದರೊಳಗಿರೋದು ಪ್ರೊಮೆಥಜೀನ್. ಇದೂ ಅಲರ್ಜಿ ಔಷಧಿಗಳ ಕುಟುಂಬದ್ದೇ.

ಇವನ್ನ ಹೊರಡೋ ಒಂದೆರಡು ಗಂಟೆ ಮೊದಲು ತಗೋಬೇಕು. ಘಾಟಿ ಶುರುವಾದ ಮೇಲೆ, ಹೊಟ್ಟೆ ತೊಳಸಿದ ಮೇಲೆ ನುಂಗಿದರೆ ಅಷ್ಟೇನೂ ಉಪಯೋಗ ಇಲ್ಲ. ಆ ಹೊತ್ತಿಗೆ ಹೊಟ್ಟೆ ತನ್ನ ಕೆಲಸ ನಿಧಾನ ಮಾಡಿರುತ್ತೆ, ಮಾತ್ರೆ ಕರುಳಿಗೆ ಇಳಿಯದೆ ಅಲ್ಲೇ ಕೂತಿರುತ್ತೆ, ಮುಂದಿನ ತಿರುವಲ್ಲಿ ಆಚೆ ಬರುತ್ತೆ. ಎರಡನೇದು, ಇವು ಚೆನ್ನಾಗಿ ನಿದ್ದೆ ತರಿಸುತ್ತವೆ. ತಗೊಂಡು ಬೈಕು, ಕಾರು ಓಡಿಸಬೇಡಿ. ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರೊಮೆಥಜೀನ್ ಕೊಡಲೇಬಾರದು. ಗರ್ಭಿಣಿಯರು, ಬೇರೆ ಔಷಧಿ ತಗೋತಾ ಇರುವವರು ವೈದ್ಯರನ್ನ ಕೇಳಿಯೇ ತಗೊಳ್ಳಿ. ಇನ್ನೊಂದು: ವಾಂತಿ ನಿಲ್ಲಿಸೋಕೆ ಅಂತ ಎಷ್ಟೋ ಮನೆಗಳಲ್ಲಿ ಒಂಡಾನ್ಸೆಟ್ರಾನ್ ಮಾತ್ರೆ ಇಟ್ಟಿರ್ತಾರೆ. ಫುಡ್ ಪಾಯ್ಸನ್ ಆದಾಗಿನ ವಾಂತಿಗೆ ಒಳ್ಳೆಯದು, ಬಸ್ಸಿನ ವಾಂತಿಗೆ ಅದು ಅಷ್ಟಾಗಿ ಕೆಲಸ ಮಾಡಲ್ಲ. ಎರಡು ವಾಂತಿಗಳೂ ಮೆದುಳಿಗೆ ಹೋಗೋ ದಾರಿ ಬೇರೆ ಬೇರೆ.

ವಾಹನದಲ್ಲಿ ಇಲ್ಲದಾಗಲೂ ತಲೆ ಸುತ್ತು ಬರ್ತಿದ್ದರೆ, ಕಿವಿಯಲ್ಲಿ ಗುಂಯ್ ಅಂತಿದ್ದರೆ, ಕೇಳೋದು ಮಂದ ಆಗ್ತಿದ್ದರೆ ಅದು ಬೇರೆ ವಿಷಯ. ಕಿವಿ ಮೂಗು ಗಂಟಲು ತಜ್ಞರ ಹತ್ತಿರ ಹೋಗಿ.

ಕೊನೆಯದಾಗಿ, ತೀರ್ಥಹಳ್ಳಿಯ ಆ ಹುಡುಗಿಗೆ ನಾವು ಬರೆದ ಉತ್ತರದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಹೇಳಿದ್ದು. ಮೋಷನ್ ಸಿಕ್‌ನೆಸ್‌ಗೆ ಇರೋ ಅತ್ಯುತ್ತಮ ಮದ್ದು ಅಭ್ಯಾಸ. ಹೊಸದಾಗಿ ಹಡಗು ಹತ್ತಿದ ಹೆಚ್ಚಿನವರಿಗೆ ಎರಡು ಮೂರು ದಿನದಲ್ಲಿ ಕಡಲು ಒಗ್ಗಿಬಿಡುತ್ತೆ, ಡಾರ್ವಿನ್ ಥರದ ಕೆಲವರನ್ನ ಬಿಟ್ಟು. ಮೆದುಳು ಹೊಸ ಲೆಕ್ಕ ಕಲಿತುಬಿಡುತ್ತೆ. ನೇತ್ರಾಣಿ ಬೋಟಿನ ಆ ಹಿರಿಯರೂ ತಮ್ಮ ಮನೆ ಹುಡುಗರು ಮೊದಮೊದಲು ಕಡಲಿಗಿಳಿದಾಗ ಕಕ್ಕುತ್ತಾರೆ ಅಂದಿದ್ದರು. ಆದ್ರೆ ಆ ಲೆಕ್ಕ ಮರೆತೂ ಹೋಗುತ್ತೆ. ಆರು ತಿಂಗಳಿಗೊಮ್ಮೆ ಘಾಟಿ ಹತ್ತಿದರೆ ಪ್ರತಿ ಸಲವೂ ಮೊದಲ ಸಲವೇ. ವಾಂತಿಗೆ ಹೆದರಿ ಊರಿಗೆ ಹೋಗೋದು ಬಿಟ್ಟರೆ ವಾಂತಿಯೇ ಜಾಸ್ತಿ ಆಗುತ್ತೆ. ಹದಿನೈದು ದಿನಕ್ಕೊಮ್ಮೆ ಹೋಗಿ, ಮೊದಮೊದಲು ಮಾತ್ರೆ ತಗೊಂಡೇ ಹೋಗಿ, ಎರಡು ಗಟ್ಟಿ ಕವರ್ ಇಟ್ಕೊಳ್ಳಿ, ಹತ್ತುವಾಗಲೇ ಡ್ರೈವರಿಗೆ ಹೇಳಿ ಮುಂದಿನ ಸೀಟು ಕೇಳಿ ಅಂತ ಬರೆದೆವು.

ಈ ಸಂಚಿಕೆ ರೆಕಾರ್ಡ್ ಮಾಡೋ ಹಿಂದಿನ ದಿನ ಅವರಿಂದ ಇನ್ನೊಂದು ಮೆಸೇಜ್ ಬಂತು:

"ಶನಿವಾರ ಹೋದೆ. ಡ್ರೈವರ್ ಅಣ್ಣ ಮುಂದೆ ಕೂರಿಸಿದ್ರು, ಫೋನ್ ಬ್ಯಾಗಲ್ಲೇ ಇತ್ತು. ತಿರುವು ಎಣಿಸ್ತಾ ಕೂತೆ. ಹನ್ನೊಂದರ ತನಕ ಏನೂ ಆಗ್ಲಿಲ್ಲ. ಹನ್ನೆರಡರಲ್ಲಿ ಆಯ್ತು. ಆದ್ರೆ ಕವರ್ ತೂತಾಗಿರ್ಲಿಲ್ಲ. ಅಜ್ಜಿ ಎದ್ದು ಕೂತಿದ್ರು. ಭಾನುವಾರ ಹೊರಡೋವಾಗ ಹಿತ್ತಲಿನ ನಿಂಬೆಹಣ್ಣು ನಾಲ್ಕು ಕಿತ್ತು ಕೊಟ್ಟಿದಾರೆ, ಇಳಿಯೋವಾಗ ಮೂಸ್ಕೋ ಅಂತ. ಅದು ಕಿವಿಗೆ ಏನೂ ಮಾಡಲ್ಲ ಅಂತ ನಾನು ಹೇಳೋಕೆ ಹೋಗ್ಲಿಲ್ಲ."

ನಿಮ್ಮ ಘಾಟಿ, ಕಡಲು, ಬಸ್ಸಿನ ಕತೆಗಳಿದ್ದರೆ ವಾಯ್ಸ್ ಮೆಸೇಜ್ ಕಳಿಸಿ.